ಬೀದಿಯ ಆಚೆ ಬದಿಗೆ ಕೇಳಿಸುವಂತೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಕಾನೂನನ್ನು ಕ್ರಮವಾಗಿ ಓದಿದವರು ಹೇಳಬೇಕಾದ ಕತೆ. ಓದಿದವರು ಯಾರೂ ಹೇಳಲಿಲ್ಲ; ಅವರಿಗೆ ಬೇರೆ ಕೆಲಸಗಳಿವೆ. ಹಾಗಾಗಿ ಅರ್ಧಂಬರ್ಧ ತಿಳಿದವರ ಬಾಯಿಗೆ ಬಿದ್ದಿದೆ. ನಿಯಮದ ಸಂಖ್ಯೆ ಒಂದೆರಡು ಅತ್ತಿತ್ತ ಆಗಿದ್ದರೆ ತಿದ್ದಿಕೊಂಡು ಓದಬೇಕು. ಷರತ್ತಪ್ಪನ ಮರ್ಯಾದೆಗೆ ಕುಂದು ತರುವ ಮಾತೇನಾದರೂ ಬಂದರೆ ಅದನ್ನೂ ಮನ್ನಿಸಬೇಕು. ಅವನು ಮರ್ಯಾದಸ್ಥನೇ, ನಡೆದದ್ದು ಮಾತ್ರ ಹಾಗಿರಲಿಲ್ಲ.

ಎಲ್ಲದಕ್ಕೂ ಕಾರಣ ಒಂದೇ ಒಂದು ಸಾಲು. ಪರವಾನಗಿ ಕಚೇರಿಯ ಹಳೆಯ ಹರಾಜು ನಿಯಮಾವಳಿಯಲ್ಲಿ ಒಂಬತ್ತನೆಯ ನಿಯಮದ ಕೊನೆಯ ಸಾಲು: "ಬಂದ ಪ್ರತಿಯೊಂದು ಸವಾಲನ್ನೂ ಬೀದಿಯ ಆಚೆ ಬದಿಗೆ ಕೇಳಿಸುವಂತೆ ಮೂರು ಸಲ ಕೂಗತಕ್ಕದ್ದು."

ಬೆಳಗ್ಗೆ ಏಳು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಷರತ್ತಪ್ಪ ಅದನ್ನು ಹೆಂಡತಿಗೆ ಓದಿ, ಸವಾಲು ಎಂದರೆ ಬಿಡ್ಡು ಎಂದೂ ಹೇಳಿದ.

"ಕೂಗೋದಾ? ನಿಮ್ಮ ಹರಾಜು ನಡೆಯೋದು ಇಂಟರ್‌ನೆಟ್ಟಲ್ಲಿ ಅಲ್ವಾ?"

"ಹೌದು."

"ಬಿಡ್ ಹಾಕೋರು ಎಲ್ಲೆಲ್ಲೋ ಕೂತಿರ್ತಾರೆ."

"ಹೌದು."

"ಮತ್ತೆ ನೀವು ಕೂಗೋದು ಯಾರಿಗ್ರೀ?"

"ಬೀದಿಯ ಆಚೆ ಬದಿಗೆ," ಎಂದ ಷರತ್ತಪ್ಪ ಸಣ್ಣ ದನಿಯಲ್ಲಿ.

ಹೆಂಡತಿ ಒಲೆ ಸಣ್ಣದು ಮಾಡಿದಳು. ದೊಡ್ಡ ವಿಷಯ ಬಂದಾಗೆಲ್ಲ ಅವಳು ಒಲೆ ಸಣ್ಣದು ಮಾಡುತ್ತಾಳೆ. "ಆ ಕಚೇರಿಯವರಿಗೆ ಹೇಳಲಿಲ್ವಾ ನೀವು?"

ಹೇಳಿದ್ದ. ಮೂರು ಸಲ ಹೋಗಿ ಹೇಳಿದ್ದ. ಕಚೇರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಆನ್‌ಲೈನ್ ಹರಾಜಿಗೆ ಅಂತ ನಮ್ಮಲ್ಲಿ ಬೇರೆ ನಿಯಮ ಇಲ್ಲ. ಹರಾಜು ಅಂದ್ಮೇಲೆ ಹರಾಜೇ. ಲೈನ್ ಆನ್ ಇದ್ರೂ ಅಷ್ಟೆ, ಆಫ್ ಇದ್ರೂ ಅಷ್ಟೆ," ಎಂದಿದ್ದ. ಬೇರೆ ಜನ ಪರವಾನಗಿಯ ಗೊಡವೆಗೇ ಹೋಗದೆ ಇಂಥ ವ್ಯಾಪಾರ ಮಾಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವನು ಆರು ತಿಂಗಳು ಸಂಜೆ ತರಗತಿಗೆ ಹೋಗಿ ವ್ಯಾಪಾರ ಕಾನೂನು ಕಲಿತವನು. ಕಲಿಯದವರಿಗೆ ಇರುವ ಸ್ವಾತಂತ್ರ್ಯ ಅವನಿಗಿರಲಿಲ್ಲ.

ಅವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಒಮ್ಮೆ ಪಕ್ಕದ ಮನೆಯವರಿಗೆ ಕೊಡೆ ಕೊಡುವಾಗ, "ಒದ್ದೆಯಿದ್ದಾಗ ಮಡಚಬಾರದು, ಮಡಚಿದಾಗ ಒದ್ದೆ ಇರಬಾರದು, ಮರಳಿಸುವಾಗ ಹಿಡಿ ನನ್ನ ಕಡೆ ಇರಬೇಕು," ಎಂದು ಚೀಟಿ ಬರೆದುಕೊಟ್ಟಿದ್ದ. ಅವತ್ತಿನಿಂದ ಷರತ್ತಪ್ಪ. ಅವನ ಹರಾಜಿನ ವೆಬ್‌ಸೈಟು ಬಾಡಿಗೆಗೆ ತಂದದ್ದು. ಅದರಲ್ಲಿ ಅವನ ಸ್ವಂತದ್ದು ಎಂದರೆ ನಲವತ್ತೊಂದು ಷರತ್ತುಗಳು. ಒಂದೊಂದನ್ನೂ ಓದಿ ಒಂದೊಂದಕ್ಕೂ ಗುರುತು ಹಾಕಿದ ಮೇಲೆಯೇ ಬಿಡ್ ಹಾಕಬಹುದು. ಪರೀಕ್ಷೆಗೆಂದು ಹೆಂಡತಿಯನ್ನು ಕೂರಿಸಿದ್ದ. ಇಪ್ಪತ್ತೆಂಟನೆಯದಕ್ಕೆ ಅವಳಿಗೆ ನಿದ್ದೆ ಬಂದಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿಯ ಅಣ್ಣ, ಅಂದರೆ ಅವನ ಭಾವ.

"ಏನಯ್ಯಾ ಷರತ್ತೂ, ಒಂದು ತಿಂಗಳ ರಜೆ ಇವತ್ತಿಗೆ ಮುಗೀತಲ್ವಾ? ಹೊಸ ಮಾಲು ಬಂದಿದೆ. ನಾಳೆ ಒಂಬತ್ತಕ್ಕೆ ಬಂದು ಮಲಕ್ಕೊ."

ಭಾವನದು ಹಾಸಿಗೆ ಅಂಗಡಿ. ಅಲ್ಲಿ ಹನ್ನೆರಡು ವರ್ಷದಿಂದ ಷರತ್ತಪ್ಪನ ಕೆಲಸ ಮಲಗುವುದು. ಗಿರಾಕಿ ಬಂದ ಕೂಡಲೇ ಭಾವ, "ನಮ್ಮೋರೇ ಮಲಗಿ ತೋರಿಸ್ತಾರೆ ನೋಡಿ," ಎನ್ನುತ್ತಿದ್ದ. ಷರತ್ತಪ್ಪ ಚಪ್ಪಲಿ ಕಳಚಿ ಮಲಗಬೇಕು, ಎಡಕ್ಕೆ ಹೊರಳಬೇಕು, ಬಲಕ್ಕೆ ಹೊರಳಬೇಕು, ಬೆನ್ನಿಗೆ ಹಿತವಾಗಿದೆ ಎನ್ನುವ ಮುಖ ಮಾಡಬೇಕು. ಗಂಡ ಹೆಂಡತಿ ಇಬ್ಬರೂ ಮೇಲೆ ನಿಂತು ಅವನನ್ನು ನೋಡುತ್ತ, "ಇವರು ತೆಳ್ಳಗಿದ್ದಾರೆ, ದಪ್ಪ ಇರೋರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ಕೆಲವರು ಹಾಸಿಗೆಯನ್ನು ಬಿಟ್ಟು ಅವನನ್ನೇ ಒತ್ತಿ ನೋಡಿದ್ದೂ ಉಂಟು. ತಾನು ನಿಂತುಕೊಂಡು ಬದುಕಬೇಕು ಎನ್ನುವುದು ಅವನ ಜೀವನದ ಏಕಮಾತ್ರ ಆಸೆಯಾಗಿತ್ತು.

"ಭಾವ, ಇವತ್ತು ಸಂಜೆ ಐದರೊಳಗೆ ನನ್ನ ಹರಾಜು ಮುಗಿದು ಪರವಾನಗಿ ಸಿಕ್ಕಿಬಿಟ್ರೆ..."

"ಸಿಗದಿದ್ರೆ ಒಂಬತ್ತಕ್ಕೆ. ಸ್ನಾನ ಮಾಡ್ಕೊಂಡು ಬಾ, ಬಿಳಿ ಹಾಸಿಗೆ," ಎಂದು ಭಾವ ಫೋನಿಟ್ಟ.

ಲೆಕ್ಕ ಸರಳವಾಗಿತ್ತು. ತಾತ್ಕಾಲಿಕ ಪರವಾನಗಿ ಅಂದು ಸಂಜೆ ಐದಕ್ಕೆ ಸಾಯುತ್ತದೆ. ಅಷ್ಟರೊಳಗೆ ತಪಾಸಣಾಧಿಕಾರಿಯ ಎದುರು ಒಂದೇ ಒಂದು ಹರಾಜು ನಿಯಮದ ಪ್ರಕಾರ ನಡೆದು ಸುತ್ತಿಗೆ ಬೀಳಬೇಕು. ಬಿದ್ದರೆ ಷರತ್ತಪ್ಪ ಎದ್ದ. ಬೀಳದಿದ್ದರೆ ಮಲಗಿದ.

ಹರಾಜಿಗೆ ಸಿಕ್ಕ ವಸ್ತು ಎದುರುಮನೆಯ ಹಲ್ಲಿನ ಡಾಕ್ಟರಮ್ಮನ ಕುರ್ಚಿ. ಅವರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಕಬ್ಬಿಣದ ಪಾದ, ಹಸಿರು ಬಣ್ಣ, ಹಿಂದಕ್ಕೆ ಬಾಗುವ ಬೆನ್ನು. ಆ ಬೀದಿಯ ಅರ್ಧ ಜನ ಅದರಲ್ಲಿ ಮಲಗಿ ಕಿರುಚಿದ್ದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಹಿಡಿದು ಅದನ್ನು ಷರತ್ತಪ್ಪನ ಮನೆಯ ವರಾಂಡಕ್ಕೆ ತಂದಿಟ್ಟರು. ಹೊತ್ತ ನಾಲ್ವರೂ ಹಳೆಯ ರೋಗಿಗಳೇ. ಇಳಿಸಿದ ಕೂಡಲೇ ಕೆನ್ನೆ ಮುಟ್ಟಿಕೊಂಡರು.

ಡಾಕ್ಟರಮ್ಮ ತಮ್ಮ ಕುರ್ಚಿಯ ವಿವರಣೆಯನ್ನು ಓದಿ ನೋಡಿದರು. ಕೊಳ್ಳುವವರಿಂದ ಏನನ್ನೂ ಮುಚ್ಚಿಡಬಾರದು ಎಂದು ಸಂಜೆ ತರಗತಿಯಲ್ಲಿ ಹೇಳಿಕೊಟ್ಟಿದ್ದರಿಂದ ಷರತ್ತಪ್ಪ ಹದಿನಾಲ್ಕು ದೋಷಗಳನ್ನು ಪಟ್ಟಿ ಮಾಡಿದ್ದ.

"ಕುರ್ಚಿ ಮಾರ್ತಿದ್ದೀಯೋ, ಅದರ ಮೇಲೆ ದೂರು ಕೊಡ್ತಿದ್ದೀಯೋ?" ಎಂದರು ಡಾಕ್ಟರಮ್ಮ. "ಇದೇನಿದು, 'ಏಳನೇ ದೋಷ: ಕುಳಿತವರಿಗೆ ಹಳೆಯ ಭಯಗಳು ಮರುಕಳಿಸಬಹುದು'?"

"ನಿಜ ಅಲ್ವಾ ಡಾಕ್ಟರಮ್ಮ?"

"ನಿಜಾನೇ. ಆದ್ರೆ ಅದು ಕುರ್ಚಿಯ ದೋಷ ಅಲ್ಲ, ನನ್ನ ಕೈಗುಣ. ಹನ್ನೊಂದನೇದು ಏನು? 'ಪೂರ್ತಿ ಹಿಂದಕ್ಕೆ ಬಾಗಿದರೆ ಮತ್ತೆ ಮೇಲೇಳುವುದಿಲ್ಲ.' ಯಾರಯ್ಯಾ ಕೊಳ್ತಾರೆ ಇದನ್ನ ಓದಿ? ಬಾಯಿ ತೆಗಿ ನೋಡೋಣ, ನಾಲಿಗೆ ಸರಿ ಇದೆಯಾ ನಿಂದು?"

ಷರತ್ತಪ್ಪ ಅಭ್ಯಾಸಬಲದಿಂದ ಬಾಯಿ ತೆರೆದ. ಅದೇ ಹೊತ್ತಿಗೆ ತಪಾಸಣಾಧಿಕಾರಿ ಗೇಟು ತೆಗೆದುಕೊಂಡು ಒಳಗೆ ಬಂದರು.

ಗಿಡ್ಡನೆಯ ಮನುಷ್ಯ. ಕಂಕುಳಲ್ಲಿ ನಿಯಮಾವಳಿ. ಮುಖ ನೋಡಿದರೆ ಯಾವುದೋ ನಿಯಮ ಮುರಿಯುವ ವಾಸನೆ ದೂರದಿಂದಲೇ ಬರುತ್ತಿದೆ ಎನ್ನುವ ಹಾಗೆ ಮೂಗು ಮೇಲೆತ್ತಿಕೊಂಡಿದ್ದರು. ಷರತ್ತಪ್ಪನಿಗೆ ಅವರನ್ನು ಕಂಡು ಭಯಕ್ಕಿಂತ ಹೆಚ್ಚಾಗಿ ಗೌರವವೇ ಹುಟ್ಟಿತು.

"ಶುರು ಮಾಡಿ," ಎಂದವರೇ ಅವರು ಬೀದಿ ದಾಟಿ, ಎದುರು ಗೋಡೆಗೆ ಬೆನ್ನು ಕೊಟ್ಟು, ಕಿವಿಗೆ ಅಂಗೈ ಹಚ್ಚಿ ನಿಂತರು.

ಎರಡು ಗಂಟೆಗೆ ಮೊದಲ ಬಿಡ್ ಬಂತು. ನಲವತ್ತೊಂದು ಷರತ್ತುಗಳ ಕಾಡನ್ನು ದಾಟಿ ಜೀವಂತ ಹೊರಬಂದವರು ಇಬ್ಬರು. ಒಬ್ಬರು 'ಹಳೇಸಾಮಾನು' ಎಂಬ ಹೆಸರಿನವರು, ಇನ್ನೊಬ್ಬರು 'ನೆರಳು ಏಳು'. ಷರತ್ತಪ್ಪ ಫೋನು ನೋಡಿ ಗಂಟಲು ಸರಿಮಾಡಿಕೊಂಡ.

"ಎರಡು ಸಾವಿರ."

"ಕೇಳಿಸ್ಲಿಲ್ಲ!" ಎಂದರು ಆಚೆಯಿಂದ ಅಧಿಕಾರಿ.

"ಎರಡು ಸಾವಿರ!"

"ಇದು ಒಂದನೇ ಸಲವೋ ಎರಡನೇ ಸಲವೋ? ಕೇಳಿಸದ ಕೂಗು ಲೆಕ್ಕಕ್ಕಿಲ್ಲ!"

ಹನ್ನೆರಡು ವರ್ಷ ಮಲಗಿಕೊಂಡೇ ದುಡಿದ ಮನುಷ್ಯನ ಎದೆಯಲ್ಲಿ ಅಷ್ಟು ಗಾಳಿ ಎಲ್ಲಿತ್ತೋ, ಷರತ್ತಪ್ಪ ಕಣ್ಣು ಮುಚ್ಚಿಕೊಂಡು ಕೂಗಿದ. ಕಾಗೆಗಳು ಎದ್ದವು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಯಾರೋ, "ಷರತ್ತಪ್ಪನ ಮನೆ ಹರಾಜಿಗೆ ಬಂದಿದೆಯಂತೆ!" ಎಂದರು. ಆ ಮಾತು ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಮನೆ ಎರಡು ಸಾವಿರಕ್ಕೆ ಹೋಗುತ್ತಿದೆ ಎಂದಾಗಿತ್ತು. ಅಷ್ಟು ಅಗ್ಗಕ್ಕೆ ಮನೆ ಎಂದರೆ ಯಾರು ಸುಮ್ಮನಿರುತ್ತಾರೆ? ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಜಾತ್ರೆಯಂತೆ ಜನ ಸೇರಿದರು. ಒಬ್ಬರು ಒಳಗೇ ಬಂದು ಅಡುಗೆಮನೆಯ ಗೋಡೆಯನ್ನು ತಟ್ಟಿ ನೋಡಿದರು. "ಸ್ವಲ್ಪ ತೇವ ಇದೆ," ಎಂದು ಷರತ್ತಪ್ಪನ ಹೆಂಡತಿಗೆ ತಿಳಿಸಿದರು.

"ನನ್ನ ಕಣ್ಣೀರು ಅದು, ಆಚೆ ನಡೀರಿ," ಎಂದಳು ಅವಳು.

ಮಹಡಿಯಿಂದ ಮನೆಯ ಓನರಮ್ಮ ದಡದಡ ಇಳಿದು ಬಂದರು. ಕೈಯಲ್ಲಿ ಬಾಡಿಗೆ ಕರಾರು.

"ಏನ್ರೀ ಷರತ್ತಪ್ಪೋರೇ! ನನ್ನ ತಂಗಿ ಫೋನ್ ಮಾಡ್ತಾಳೆ, ನನ್ನ ನಾದಿನಿ ಫೋನ್ ಮಾಡ್ತಾಳೆ. ನನ್ನ ಮನೇನ ನೀವು ಯಾವ ಧೈರ್ಯದ ಮೇಲೆ ಮಾರ್ತಿದ್ದೀರಿ?"

"ಮನೆ ಅಲ್ಲಮ್ಮಾ, ಕುರ್ಚಿ."

"ಕುರ್ಚಿಯಾದ್ರೇನು, ಕೋಣೆಯಾದ್ರೇನು? ಇದನ್ನ ಓದ್ರೀ."

ಷರತ್ತಪ್ಪ ಓದಿದ. "ಸದರಿ ಮನೆಯನ್ನು ವಾಸಕ್ಕಲ್ಲದೆ ಬೇರಾವ ವ್ಯಾಪಾರಕ್ಕೂ, ವಿಶೇಷವಾಗಿ ಜನ ಗುಂಪುಗೂಡುವ ಅಥವಾ ಕೂಗಾಟವಿರುವ ವ್ಯಾಪಾರಕ್ಕೆ, ಬಳಸತಕ್ಕದ್ದಲ್ಲ." ಓದುತ್ತ ಓದುತ್ತ ಅವನ ದನಿ ಇಳಿಯಿತು. ಅಕ್ಷರ ಪರಿಚಿತವಾಗಿತ್ತು. ಸಂಜೆ ತರಗತಿಯ ಹುಮ್ಮಸ್ಸಿನಲ್ಲಿ ಓನರಮ್ಮನಿಗೆ ಕರಾರನ್ನು ಪುಕ್ಕಟೆ ಬರೆದುಕೊಟ್ಟವನು ಅವನೇ. ಅವರು ಕೇಳಿದ್ದು ಬರೀ ಬಾಡಿಗೆಯ ಮೊತ್ತ ಬರೆಯಲು. 'ವಿಶೇಷವಾಗಿ' ಎನ್ನುವಲ್ಲಿಂದ ಮುಂದಿನದೆಲ್ಲ ಅವನದೇ ಸೇವೆ.

"ಎಷ್ಟು ಚೆನ್ನಾಗಿ ಬರೆದಿದ್ದೀರಿ," ಎಂದರು ಓನರಮ್ಮ. "ಒಂದಕ್ಷರ ಅಲ್ಲಾಡ್ಸೋ ಹಾಗಿಲ್ಲ. ಈಗ ಕುರ್ಚಿ ಎತ್ತಿ."

ಷರತ್ತಪ್ಪನಿಗೆ ವಾದ ಮಾಡಬೇಕೆನಿಸಲಿಲ್ಲ. ಕರಾರು ಎಂದರೆ ಕರಾರು. ಎತ್ತುವುದೇನೋ ಸರಿ, ಎತ್ತಿ ಇಡುವುದೆಲ್ಲಿ? ಆರನೆಯ ನಿಯಮದ ಪ್ರಕಾರ ಬೀದಿಯಲ್ಲಿ ಹರಾಜು ನಡೆಸುವಂತಿಲ್ಲ. ಏಳನೆಯದರ ಪ್ರಕಾರ ಮಾರುವವರ ಮನೆಯಲ್ಲೂ ನಡೆಸುವಂತಿಲ್ಲ, ಹಾಗಾಗಿ ಡಾಕ್ಟರಮ್ಮನ ಮನೆ ಇಲ್ಲ. ನಾಳೆಗೆ ಮುಂದೂಡೋಣವೆಂದರೆ ಅವನದೇ ಹದಿನೇಳನೆಯ ಷರತ್ತು ಅಡ್ಡ ಬಂತು: ಒಮ್ಮೆ ಗೊತ್ತುಮಾಡಿದ ಮುಕ್ತಾಯದ ಸಮಯವನ್ನು ಯಾವ ಕಾರಣಕ್ಕೂ ಬದಲಿಸುವುದಿಲ್ಲ. ಮುಕ್ತಾಯ ನಾಲ್ಕು ಐವತ್ತಕ್ಕೆ. ಗಡಿಯಾರದಲ್ಲಿ ಮೂರೂಕಾಲು.

ಇಷ್ಟು ಸಾಲದು ಎನ್ನುವಂತೆ ವರಾಂಡದಿಂದ ಠಣ್ ಎಂದು ಸದ್ದಾಯಿತು.

ಜನರ ಗಲಾಟೆಯಲ್ಲಿ ತಪಾಸಣಾಧಿಕಾರಿ ಈಚೆ ಬದಿಗೆ ಬಂದಿದ್ದರು. ವಸ್ತು ವಿವರಣೆಯಂತೆಯೇ ಇದೆಯೇ ಎಂದು ಅಧಿಕಾರಿ ಖುದ್ದು ಪರೀಕ್ಷಿಸಬೇಕೆಂದು ಇನ್ನೊಂದು ನಿಯಮ. ಒಂದರಿಂದ ಹತ್ತರವರೆಗೆ ದೋಷಗಳನ್ನು ನಿಂತೇ ಪರೀಕ್ಷಿಸಿದರು. ಹನ್ನೊಂದನೆಯದನ್ನು ಪರೀಕ್ಷಿಸಲು ಕುಳಿತು ಹಿಂದಕ್ಕೆ ಬಾಗಿದ್ದರು.

"ಹನ್ನೊಂದು ಸರಿಯಾಗಿದೆ," ಎಂದರು ಅವರು, ಮೇಲ್ಛಾವಣಿ ನೋಡುತ್ತ. ಮಲಗಿದಲ್ಲೇ ಗುರುತು ಹಾಕಿಕೊಂಡರು. "ಈಗ ಎಬ್ಬಿಸಿ."

ಇಬ್ಬರು ಎಳೆದರು. ಮೂವರು ಎಳೆದರು. ಕುರ್ಚಿಯ ಎರಡು ತೋಳುಗಳ ನಡುವೆ ಅಧಿಕಾರಿ ಬಿರಡೆಯಂತೆ ಕೂತುಬಿಟ್ಟಿದ್ದರು. ಡಾಕ್ಟರಮ್ಮ ಹತ್ತಿರ ಬಂದು, ಮನುಷ್ಯ ಮಲಗಿರುವುದನ್ನು ಕಂಡೊಡನೆ ಹಳೆಯ ಹುರುಪು ಮರಳಿದವರಂತೆ ಸೆರಗು ಸಿಕ್ಕಿಸಿಕೊಂಡರು.

"ಬಾಯಿ ತೆಗೀರಿ."

"ನಾನು ಸರ್ಕಾರಿ ಕೆಲಸದ ಮೇಲೆ ಬಂದಿ..."

"ಅದೇ, ಹಾಗೇ ತೆಗೆದಿರಿ. ಅಯ್ಯೋ, ಕೆಳಗಿನ ದವಡೆ ನೋಡ್ರಪ್ಪ! ಇಷ್ಟು ವರ್ಷ ಊರಿನ ತಪ್ಪು ಹುಡುಕ್ತಿದ್ರಲ್ಲ, ನಿಮ್ಮ ಬಾಯಲ್ಲೇ ಇಷ್ಟೊಂದಿತ್ತಾ?"

ಜನ ನಗಲು ಹೊರಟು, ಅಧಿಕಾರಿಯ ಕಣ್ಣು ನೋಡಿ ಕೆಮ್ಮಿದರು. ಆಗಲೇ ಗೇಟಿನ ಹೊರಗೆ ಹಾಸಿಗೆ ಸಾಗಿಸುವ ದೊಡ್ಡ ತಳ್ಳುಗಾಡಿ ಬಂದು ನಿಂತಿತು. ಅದರ ಹಿಂದೆ ಭಾವ. ದಾರಿ ಕಾಣದೆ ತಂಗಿ ಫೋನು ಮಾಡಿದ್ದಳು.

ಭಾವ ಎಲ್ಲವನ್ನೂ ಒಮ್ಮೆ ನೋಡಿದ: ಓನರಮ್ಮ, ಕರಾರು, ಮಲಗಿದ ಅಧಿಕಾರಿ, ಕಣ್ಣಲ್ಲಿ ನೀರು ತುಂಬಿಕೊಂಡ ತಂಗಿಯ ಗಂಡ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಷರತ್ತಪ್ಪನ ಹೆಗಲ ಮೇಲೆ ಕೈ ಹಾಕಿದ.

"ಯಾಕಯ್ಯಾ ಹೀಗೆ ಮುಖ ಸಣ್ಣ ಮಾಡ್ಕೊಂಡಿದ್ದೀಯಾ? ನನ್ನ ಅಂಗಡಿ ಮುಂದೆ ಜಗಲಿ ಇಲ್ವಾ? ಅಲ್ಲಿಗೆ ತಗೊಂಡು ಬಾ ನಿನ್ನ ಹರಾಜು."

"ಭಾವ! ನಿಮಗೆ ತೊಂದರೆ..."

"ಎಂಥ ತೊಂದರೆ? ನನ್ನದು ಬೇರೆ ನಿನ್ನದು ಬೇರೆಯಾ?"

ಇಷ್ಟು ವರ್ಷ ಈ ಮನುಷ್ಯನ ಬಗ್ಗೆ ಹಾಸಿಗೆಯ ಮೇಲೆ ಮಲಗಿಕೊಂಡು ಏನೇನೆಲ್ಲ ಅಂದುಕೊಂಡಿದ್ದೆನಲ್ಲ ಎಂದು ಷರತ್ತಪ್ಪನಿಗೆ ನಾಚಿಕೆಯಾಯಿತು.

ಕುರ್ಚಿಯನ್ನು ಗಾಡಿಗೆ ಏರಿಸಿದರು, ಅಧಿಕಾರಿಯ ಸಮೇತ. ಹರಾಜಿನ ವಸ್ತು ಅಧಿಕಾರಿಯ ಕಣ್ಣಿಂದ ಮರೆಯಾಗಬಾರದು ಎನ್ನುವ ನಿಯಮವೂ ಒಂದಿತ್ತು. ಅಧಿಕಾರಿಗೆ ಕಣ್ಣ ಮುಂದೆ ಆಕಾಶವೊಂದೇ ಕಾಣುತ್ತಿದ್ದರೂ ವಸ್ತು ಬೆನ್ನಿಗೇ ಅಂಟಿಕೊಂಡಿದ್ದುದರಿಂದ ಅವರು ಆಕ್ಷೇಪಿಸಲಿಲ್ಲ. ಭಾವ ಎರಡು ಮೆತ್ತೆಗಳನ್ನು ಅವರ ತಲೆಯ ಕೆಳಗಿಟ್ಟ. "ಹೊಸ ಮಾಲು ಸಾರ್. ಹೇಗಿದೆ ಹೇಳಿ."

"ಕುತ್ತಿಗೆಗೆ ಪರವಾಗಿಲ್ಲ," ಎಂದರು ಅಧಿಕಾರಿ.

ಮೆರವಣಿಗೆ ಹೊರಟಿತು. ಮುಂದೆ ಗಾಡಿ, ಅದರ ಮೇಲೆ ಎದೆಗೆ ನಿಯಮಾವಳಿ ಅವುಚಿಕೊಂಡು ಮಲಗಿದ ಅಧಿಕಾರಿ. ಪಕ್ಕದಲ್ಲಿ ಅವರ ಹಲ್ಲೆಣಿಸುತ್ತ ಡಾಕ್ಟರಮ್ಮ. ಹಿಂದೆ ಮನೆ ಕೊಳ್ಳಲು ಬಂದು ಕುರ್ಚಿಗೆ ಗಂಟುಬಿದ್ದ ಜನ. ದಾರಿಹೋಕರು ಟೋಪಿ ತೆಗೆದು ನಿಂತರು, ಸತ್ತವರೆಂದುಕೊಂಡ ಅಧಿಕಾರಿ ಕೈಬೀಸಿ, "ಗುಂಡಿ ನೋಡಿಕೊಂಡು ತಳ್ರಯ್ಯಾ!" ಎಂದಾಗ ಬೆಚ್ಚಿ ಮತ್ತೆ ಹಾಕಿಕೊಂಡರು.

ಫೋನಿನಲ್ಲಿ ಬಿಡ್‌ಗಳು ಮಾತ್ರ ನಿಲ್ಲಲಿಲ್ಲ. 'ಹಳೇಸಾಮಾನು' ಮೂರು ಸಾವಿರ ಎಂದರೆ 'ನೆರಳು ಏಳು' ಮೂರೂವರೆ. ಬಂದ ಬಿಡ್ಡನ್ನು ಕೂಗದೆ ಇರುವಂತಿಲ್ಲ, ಬೀದಿಯಲ್ಲಿ ನಿಂತು ಕೂಗುವಂತೆಯೂ ಇಲ್ಲ. ಷರತ್ತಪ್ಪ ಪ್ರತಿ ಸಲವೂ ಹತ್ತಿರದ ಯಾವುದಾದರೂ ಮನೆಯ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, "ಒಂದು ನಿಮಿಷ ನಿಮ್ಮ ಹೊಸ್ತಿಲು ಬೇಕಿತ್ತು," ಎಂದು ಅನುಮತಿ ಪಡೆದು, ಮೂರು ಸಲ ಕೂಗಿ, ವಂದನೆ ಹೇಳಿ, ಇಳಿದು ಓಡಿ ಗಾಡಿಯನ್ನು ಸೇರಿಕೊಳ್ಳುತ್ತಿದ್ದ. ಒಂದು ಮನೆಯಲ್ಲಿ ಮುದುಕಿಯೊಬ್ಬಳು, "ಮೂರೂವರೆನಾ? ನಮಗೆ ಬೇಡಪ್ಪ, ಮೊನ್ನೆ ತಾನೆ ತಗೊಂಡ್ವಿ," ಎಂದು ಬಾಗಿಲು ಹಾಕಿಕೊಂಡಳು.

ಅಂಗಡಿ ಮುಟ್ಟುವಾಗ ನಾಲ್ಕು ಗಂಟೆ ದಾಟಿತ್ತು. ಜಗಲಿ ಬೀದಿಗೆ ತೆರೆದುಕೊಂಡಿತ್ತು. ಸುತ್ತ ಹಾಸಿಗೆಗಳು ಎದ್ದು ನಿಂತು ಹರಾಜು ನೋಡಲು ಬಂದ ದಪ್ಪ ಜನರಂತೆ ಕಾಣುತ್ತಿದ್ದವು. ಕುರ್ಚಿ ಇಳಿಸಿದ ಮೇಲೆ, ಕೇಳಿಸುತ್ತದೋ ಇಲ್ಲವೋ ನೋಡಲು ಆಚೆ ಬದಿಗೆ ಯಾರನ್ನು ನಿಲ್ಲಿಸುವುದೆಂಬ ಪ್ರಶ್ನೆ ಬಂತು. ಅಧಿಕಾರಿ ಏಳುವಂತಿರಲಿಲ್ಲ. ಕೊನೆಗೆ ಷರತ್ತಪ್ಪನ ಹೆಂಡತಿಯೇ ಆಚೆ ಹೋಗಿ ನಿಂತು, ಕೇಳಿಸಿದ್ದಕ್ಕೆಲ್ಲ ಕೈಯೆತ್ತುವುದೆಂದು ತೀರ್ಮಾನವಾಯಿತು. ಮದುವೆಯಾದಾಗಿನಿಂದ ತನ್ನ ಮಾತನ್ನು ಅವಳು ಇಷ್ಟು ಗಮನವಿಟ್ಟು ಕೇಳಿದ್ದು ಇದೇ ಮೊದಲೆಂದು ಷರತ್ತಪ್ಪನಿಗೆ ಅನಿಸಿತು.

"ನಾಲ್ಕು ಸಾವಿರ!"

ಹೆಂಡತಿ ಕೈಯೆತ್ತಿದಳು.

"ನಾಲ್ಕೂವರೆ," ಎಂದಿತು ಪಕ್ಕದಲ್ಲೇ ಒಂದು ದನಿ. ಎಲ್ಲರೂ ತಿರುಗಿದರು. ಡಾಕ್ಟರಮ್ಮ.

"ಡಾಕ್ಟರಮ್ಮ, ಮಾರೋರೇ ಬಿಡ್ ಹಾಕೋ ಹಾಗಿಲ್ಲ! ಅದು ಬೆಲೆ ಏರಿಸೋ ಮೋಸ ಅಂತ ಆಗುತ್ತೆ."

"ಯಾರಿಗೆ ಬೇಕಯ್ಯಾ ಬೆಲೆ? ಇವರು ಅದರಲ್ಲಿ ಮಲಗಿರೋದು ನೋಡಿ ಕೊಡೋಕೇ ಮನಸ್ಸು ಬರ್ತಿಲ್ಲ. ಮೂರು ವರ್ಷದಿಂದ ಒಂದು ಬಾಯಿ ನೋಡಿರಲಿಲ್ಲ ನಾನು."

"ಕುರ್ಚಿ ಹಿಂತೆಗೆದುಕೊಳ್ಳೋಕೂ ಬರಲ್ಲ. ಮಾರೋಕೆ ಕೊಡುವಾಗ ಇಪ್ಪತ್ತೆರಡನೇ ಷರತ್ತಿಗೆ ನೀವೇ ಗುರುತು ಹಾಕಿದ್ದೀರಿ."

"ನಾನೆಲ್ಲಿ ಓದಿದೆ? ಎಲ್ಲಕ್ಕೂ ಹಾಕ್ಕೊಂಡು ಹೋದೆ!"

ಅದನ್ನು ಕೇಳಿ ಷರತ್ತಪ್ಪನಿಗೆ ಇಡೀ ದಿನ ಆಗದ ನೋವಾಯಿತು.

ಆ ಬಿಡ್ಡನ್ನು ರದ್ದು ಮಾಡಿ, ರದ್ದು ಮಾಡಿದ್ದನ್ನೂ ಮೂರು ಸಲ ಕೂಗಿದ. ಅಷ್ಟರಲ್ಲಿ ಅಧಿಕಾರಿ ನೊಣ ಓಡಿಸಲು ಕೈಯೆತ್ತಿದರು. ಸ್ಥಳದಲ್ಲಿದ್ದವರು ಕೈಯೆತ್ತಿದರೆ ಅದೂ ಬಿಡ್ಡೇ ಎಂದು ಗುಂಪಿನಲ್ಲಿ ಯಾರೋ ನೆನಪಿಸಿದರು. ಪರೀಕ್ಷಿಸುವ ಅಧಿಕಾರಿಯೇ ಕೊಳ್ಳುವುದು ಸರಿಯೇ, ಕೊಳ್ಳುವ ವಸ್ತುವಿನಲ್ಲಿ ಮಲಗಿ ಪರೀಕ್ಷಿಸುವುದು ಸರಿಯೇ ಎಂದು ಚರ್ಚೆಯಾಗಿ ಹತ್ತು ನಿಮಿಷ ಹೋಯಿತು. ಅಧಿಕಾರಿಯೇ ತಮ್ಮ ವಿರುದ್ಧ ತೀರ್ಪು ಕೊಟ್ಟುಕೊಂಡರು. ನೊಣ ಮೂಗಿನ ಮೇಲೇ ಉಳಿಯಿತು.

ನಾಲ್ಕು ಐವತ್ತು. ಕೊನೆಯ ಬಿಡ್ 'ನೆರಳು ಏಳು' ಅವರದು: ಐದು ಸಾವಿರದ ನೂರು. ಷರತ್ತಪ್ಪನ ಗಂಟಲು ಬಿದ್ದುಹೋಗಿ ಹಳೆಯ ಬಾಗಿಲಿನ ಸದ್ದು ಬರುತ್ತಿತ್ತು.

"ಐದು ಸಾವಿರದ ನೂರು ಒಂದನೇ ಸಲ! ಎರಡನೇ ಸಲ! ಮೂರನೇ ಸಲ!"

ಕೈಯಲ್ಲಿದ್ದ ಸುತ್ತಿಗೆಯನ್ನು ಬಲವಾಗಿ ಬೀಸಿದ. ಅದು ಹಾಸಿಗೆಯ ಮೇಲೆ ಬಿತ್ತು. ಪುಸ್ ಎಂದಿತು.

"ಸದ್ದಾಗಬೇಕು," ಎಂದರು ಅಧಿಕಾರಿ ನಿಟ್ಟುಸಿರಿಟ್ಟು. "ಇಪ್ಪತ್ತೊಂದನೇ ನಿಯಮ."

ಷರತ್ತಪ್ಪ ಸುತ್ತ ನೋಡಿದ. ಎಡಕ್ಕೆ ಹಾಸಿಗೆ, ಬಲಕ್ಕೆ ಹಾಸಿಗೆ, ಹಿಂದೆ ಮೆತ್ತೆ. ಸದ್ದು ಮಾಡುವ ಒಂದು ವಸ್ತುವೂ ಆ ಅಂಗಡಿಯಲ್ಲಿರಲಿಲ್ಲ; ಸದ್ದಿಲ್ಲದಿರುವುದೇ ಅಲ್ಲಿನ ವ್ಯಾಪಾರ. ಕೊನೆಗೆ ನೆಲಕ್ಕೆ ಕುಕ್ಕರಿಸಿ ಕುರ್ಚಿಯ ಕಬ್ಬಿಣದ ಪಾದಕ್ಕೆ ಬಾರಿಸಿದ. ಠಣ್! ಆಚೆ ಬದಿಯಲ್ಲಿ ಹೆಂಡತಿ ಎರಡೂ ಕೈಯೆತ್ತಿದಳು. ಜನ ಚಪ್ಪಾಳೆ ತಟ್ಟಿದರು. ನಾಲ್ಕು ಐವತ್ನಾಲ್ಕು.

ಡಾಕ್ಟರಮ್ಮ ಬೇಸರದಿಂದ ಕುರ್ಚಿಯ ಹಿಂದಿನ ಒಂದು ಸಣ್ಣ ಕೀಲನ್ನು ಕಾಲಿನಿಂದ ಒತ್ತಿದರು. ಅಧಿಕಾರಿ ಸೊಗಸಾಗಿ ಮೇಲೆದ್ದು ಕುಳಿತರು.

"ಇದು ನಿಮಗೆ ಗೊತ್ತಿತ್ತಾ?" ಎಂದು ಷರತ್ತಪ್ಪ ಕಕ್ಕಾಬಿಕ್ಕಿಯಾದ.

"ಮೂವತ್ತು ವರ್ಷ ಯಾರೂ ಎದ್ದು ಓಡಿಹೋಗದೆ ಇದ್ದದ್ದು ಹೇಗೆ ಅಂದ್ಕೊಂಡೆ?"

ಅಧಿಕಾರಿ ಬಟ್ಟೆ ಸರಿಮಾಡಿಕೊಂಡರು. ಕೋಪವಿರಬಹುದೆಂದು ಎಲ್ಲರೂ ಉಸಿರು ಹಿಡಿದಿದ್ದರು. ಆದರೆ ಅವರ ಕಣ್ಣಲ್ಲಿ ನೀರಿತ್ತು. "ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ನಿಯಮಬದ್ಧ ಹರಾಜನ್ನ ನಾನು ನೋಡಿಲ್ಲ. ಒಂದೂ ತಪ್ಪಿಲ್ಲ. ನನ್ನ ನೊಣಕ್ಕೂ ಪಕ್ಷಪಾತ ಮಾಡ್ಲಿಲ್ಲ. ಪರವಾನಗಿ ಕೊಡ್ತೀನಿ. ಈಗಲೇ, ಇಲ್ಲೇ."

ಷರತ್ತಪ್ಪನಿಗೆ ನಿಂತ ನೆಲ ಮೆತ್ತಗಾದಂತಾಯಿತು. ಆಚೆಯಿಂದ ಹೆಂಡತಿ ಓಡಿಬಂದಳು. ಅಧಿಕಾರಿ ಬರೆದರು, ಮುದ್ರೆ ಒತ್ತಿದರು, ಎದ್ದು ನಿಂತರು. ಎರಡೂ ಕೈಯಲ್ಲಿ ಕಾಗದ ಹಿಡಿದು ಷರತ್ತಪ್ಪನನ್ನು ದಾಟಿ ಹೋಗಿ ಭಾವನ ಕೈಗೆ ಕೊಟ್ಟರು.

"ಶುಭಾಶಯಗಳು."

"ಸಾರ್," ಎಂದ ಷರತ್ತಪ್ಪ. "ಸಾರ್, ಅರ್ಜಿ ಹಾಕಿದ್ದು ನಾನು."

"ಗೊತ್ತು. ನಿಮ್ಮ ಹೆಸರೂ ಇದೆ ನೋಡಿ, 'ಕೂಗುವವನು' ಅನ್ನೋ ಜಾಗದಲ್ಲಿ. ಇಪ್ಪತ್ಮೂರನೇ ನಿಯಮ ಓದಿಲ್ವಾ?"

ಷರತ್ತಪ್ಪ ಓದಿದ್ದ, ಭಾವನ ಕೈ ಹೆಗಲ ಮೇಲೆ ಬಿದ್ದಾಗ ಮರೆತಿದ್ದ. ತನ್ನ ಪ್ರತಿಯ ಪುಟ ತಿರುಗಿಸಿದ. "ಸುತ್ತಿಗೆ ಯಾರ ಸ್ವಾಧೀನದ ಸ್ಥಳದಲ್ಲಿ ಬೀಳುತ್ತದೆಯೋ ಪರವಾನಗಿಯು ಅವರಿಗೇ ಸಲ್ಲತಕ್ಕದ್ದು." ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದ. ಬಾಡಿಗೆದಾರನಾದರೂ ಮನೆ ತನ್ನ ಸ್ವಾಧೀನದಲ್ಲೇ ಇರುವುದರಿಂದ ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದೂ ಇದ್ದ: ಅಂದರೆ ನಾನು.

ಅವನು ಆ ನಿಯಮವನ್ನು ಎರಡು ಸಲ ಓದಿದ. ತಪ್ಪೇನಾದರೂ ಇದೆಯೇ ಎಂದು ಪ್ರಾಮಾಣಿಕವಾಗಿ ಹುಡುಕಿದ. ಇರಲಿಲ್ಲ. ಅಧಿಕಾರಿ ಮಾಡಿದ್ದು ನೂರಕ್ಕೆ ನೂರು ಸರಿಯಾಗಿತ್ತು.

"ಸರಿಯಾಗಿದೆ ಸಾರ್," ಎಂದ.

ಭಾವ ಪರವಾನಗಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಒಳ್ಳೇದೇ ಆಯ್ತು ಬಿಡಯ್ಯಾ. ಅಂಗಡಿಗೆ ಬರೋ ಜನ ಎಷ್ಟು? ಆನ್‌ಲೈನ್ ಅಂದ್ರೆ ದೇಶವೇ ಬರುತ್ತೆ. ನಾಳೆ ಒಂಬತ್ತಕ್ಕೆ ಹೊಸ ಹಾಸಿಗೆಗಳ ಹರಾಜು."

"ನಾನು... ಕೂಗಬೇಕಾ ಭಾವ?"

"ಮತ್ತೆ? ಹೆಸರು ಬಿದ್ದಿದೆಯಲ್ಲ."

"ಹಾಸಿಗೆ ಹರಾಜಿಗೆ ಒಂದು ವಿಷಯ," ಎಂದರು ಅಧಿಕಾರಿ, ಹೊರಟವರು ನಿಂತು. "ಉಪಯೋಗದ ಹೊಸ ವಸ್ತುವಾದ್ರೆ ಹರಾಜು ಮುಗಿಯೋ ತನಕ ಅದನ್ನ ಉಪಯೋಗಿಸಿ ತೋರಿಸ್ತಾ ಇರಬೇಕು. ನಿಮಗೆ ಗೊತ್ತಿರುತ್ತೆ."

ಗೊತ್ತಿತ್ತು. ಹದಿನೈದನೆಯ ನಿಯಮ. ಇದುವರೆಗೆ ಅವನು ಬರೀ ಮಲಗಬೇಕಿತ್ತು. ಇನ್ನು ಮೇಲೆ ಮಲಗಿಕೊಂಡೇ ಬೀದಿಯ ಆಚೆ ಬದಿಗೆ ಕೇಳಿಸುವಂತೆ ಕೂಗಬೇಕು, ಮೂರು ಮೂರು ಸಲ.

ಮರುದಿನ ಒಂಬತ್ತಕ್ಕೆ ಅವನು ಸ್ನಾನ ಮಾಡಿಕೊಂಡು ಹೋದನಂತೆ. ಭಾವನಿಗೆ ಆ ಇಪ್ಪತ್ಮೂರನೆಯ ನಿಯಮ ತಳ್ಳುಗಾಡಿ ತರುವ ಮೊದಲೇ ಗೊತ್ತಿತ್ತೋ, ಅಥವಾ ಆ ಮಧ್ಯಾಹ್ನ ಒಂದೇ ಒಂದು ಸಲ ಅವನ ಮನಸ್ಸು ನಿಜಕ್ಕೂ ಕರಗಿತ್ತೋ, ಗೊತ್ತಿಲ್ಲ. ಷರತ್ತಪ್ಪ ಕೇಳಲಿಲ್ಲ. ಅವನೇ ಕೇಳದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ.